ಕಂದು ಟೀಪಾಟಿನ ವಯಸ್ಸು

ಆ ಭಾನುವಾರ ಒಪ್ಪೋಲೆಯವರಿಗೆ ಮೊದಲ ಸಿಟ್ಟು ಬಂದದ್ದು ಬೆಳಿಗ್ಗೆ ಆರೂವರೆಗೆ, ಹಾಲಿನ ಪ್ಯಾಕೆಟ್ಟಿನ ಮೇಲೆ ‘ಶುದ್ಧ’ ಎಂಬುದನ್ನು ‘ಶುದ್ದ’ ಎಂದು ಅಚ್ಚು ಹಾಕಿದ್ದು ಕಂಡು. ಎರಡನೆಯದು ಏಳು ಗಂಟೆಗೆ, ಅದನ್ನು ತಿದ್ದಲು ಹೋದರೆ ಪ್ಲಾಸ್ಟಿಕ್ಕಿನ ಮೇಲೆ ಕೆಂಪು ಶಾಯಿ ಹಿಡಿಯಲಿಲ್ಲವೆಂದು. ಇವೆರಡೂ ಸ್ನಾನದ ಹೊತ್ತಿಗೆ ಆರಿಹೋದವು. ಮೂರನೆಯ ಸಿಟ್ಟು ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಮೇಲಿನ ಮನೆಯ ಹಲ್ಲಿನ ಡಾಕ್ಟರ ರೂಪದಲ್ಲಿ ಮೆಟ್ಟಿಲಿಳಿದು ಬಂತು. ಅದು ಏಳು ವಾರ ಬಾಳಿತು.

ಒಪ್ಪೋಲೆ ಎಂಬುದು ಅವರ ಹೆಸರಲ್ಲ. ಪುಸ್ತಕದ ಕೊನೆಗೆ ಅಚ್ಚಿನ ತಪ್ಪುಗಳನ್ನೆಲ್ಲ ಪಟ್ಟಿ ಮಾಡಿ ಒಂದು ಚೀಟಿ ಅಂಟಿಸುತ್ತಾರಲ್ಲ, ಅದಕ್ಕೆ ಹಾಗೆನ್ನುತ್ತಾರೆ. ಸರ್ಕಾರಿ ಮುದ್ರಣಾಲಯದಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿದ ಇವರಿಗೆ ಸಹೋದ್ಯೋಗಿಗಳು ಆ ಹೆಸರಿಟ್ಟರು. ನಿವೃತ್ತಿಯ ದಿನ ಕುರ್ಚಿಯನ್ನು ಕಚೇರಿಗೆ ಬಿಟ್ಟುಬಂದರೂ ಹೆಸರು ಮಾತ್ರ ಅವರ ಹಿಂದೆಯೇ ಬಸ್ಸು ಹತ್ತಿ ಮನೆ ಸೇರಿತು. ಬಂಧುಗಳು ಕಳಿಸುವ ಮದುವೆಯ ಕಾಗದಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ ಅವರಿಗೇ ವಾಪಸು ಕಳಿಸುವ ಮನುಷ್ಯನಿಗೆ ಬೇರೆ ಹೆಸರು ಹುಡುಕುವ ಅಗತ್ಯ ಬೀದಿಯವರಿಗೂ ಕಾಣಲಿಲ್ಲ.

ಹಲ್ಲಿನ ಡಾಕ್ಟರು ಬಂದದ್ದು ಪೇಪರು ಕೇಳುವ ನೆಪದಲ್ಲಿ. ನಿಜವಾಗಿ ಬಂದದ್ದು, ಮಗಳು ಕಳಿಸಿದ ಇಪ್ಪತ್ತನಾಲ್ಕು ತುಂಡಿನ ಬಿಳಿ ಪಿಂಗಾಣಿ ಟೀ ಸೆಟ್ಟಿನ ಸುದ್ದಿ ಹೇಳಲು. ಒಪ್ಪೋಲೆಯವರ ಹೆಂಡತಿ ಉಪಚಾರಕ್ಕೆಂದು ಟೀ ತಂದು ಮೇಜಿನ ಮೇಲಿಟ್ಟರು. ಅವರ ಮನೆಯ ಟೀಪಾಟು ಮಣ್ಣಿನದು. ಗುಂಡು ಹೊಟ್ಟೆ, ಗಿಡ್ಡ ಮೂತಿ, ಮೈಮೇಲೆಲ್ಲ ಸುಟ್ಟ ಸಕ್ಕರೆಯ ಬಣ್ಣದ ಗಾಜಿನಂಥ ಮೆರುಗು. ಮದುವೆಯಲ್ಲಿ ಹೆಂಡತಿಯ ತಾಯಿ ಕೊಟ್ಟದ್ದೆಂದು ಒಪ್ಪೋಲೆಯವರ ಲೆಕ್ಕ. ಡಾಕ್ಟರು ಅದರ ಕಡೆ ಹುಳುಕು ದವಡೆಹಲ್ಲು ನೋಡುವಂತೆ ತಲೆ ವಾರೆಮಾಡಿ ನೋಡಿದರು.

“ಅಮ್ಮಾ, ಈ ಮಣ್ಣಿನ ಕುಡಿಕೇಲಿ ಇನ್ನೂ ಟೀ ಮಾಡ್ತಿದ್ದೀರಾ?” ಎಂದರು. “ನಮ್ಮನೇಲಿ ಆಗಿದ್ರೆ ಎಂದೋ ಕಿತ್ತು ಹಾಕ್ತಿದ್ದೆ.”

ಇಪ್ಪತ್ತೊಂಬತ್ತು ವರ್ಷದ ಸಂಸಾರದಲ್ಲಿ ಒಪ್ಪೋಲೆಯವರು ಆ ಟೀಪಾಟಿನ ಕಡೆ ಒಂದು ದಿನವೂ ಕಣ್ಣೆತ್ತಿ ನೋಡಿದವರಲ್ಲ. ಟೀ ಬಿಸಿಯಿದೆಯೇ, ಸಕ್ಕರೆ ಸರಿಯಿದೆಯೇ ಎಂಬುದಷ್ಟೇ ಅವರ ತನಿಖೆಯ ವ್ಯಾಪ್ತಿ. ಆದರೆ ತಮ್ಮ ಮನೆಯ ವಸ್ತುವಿನಲ್ಲಿ ಇನ್ನೊಬ್ಬ ತಪ್ಪು ಹುಡುಕುವುದೆಂದರೆ, ಅದು ತಮ್ಮ ವೃತ್ತಿಯ ಮೇಲೆಯೇ ಕೈ ಹಾಕಿದಂತೆ. ಅವರ ಕಿವಿ ಕೆಂಪಾಯಿತು.

“ಡಾಕ್ಟ್ರೇ, ಆ ಕುಡಿಕೆಗೆ ನೂರೈವತ್ತು ವರ್ಷ. ನಿಮ್ಮ ಇಪ್ಪತ್ತನಾಲ್ಕು ತುಂಡಿನ ಹತ್ತು ಸೆಟ್ಟು ಕೊಟ್ರೂ ಇದರ ಮುಚ್ಚಳ ಬರಲ್ಲ” ಎಂದುಬಿಟ್ಟರು.

ನೂರೈವತ್ತು ಎಂಬ ಅಂಕಿ ಎಲ್ಲಿಂದ ಬಂತೆಂದರೆ, ಹಿಂದಿನ ವಾರ ಅವರು ಅಗ್ನಿಶಾಮಕ ದಳದ ನೂರೈವತ್ತನೆಯ ವರ್ಷದ ಸ್ಮರಣ ಸಂಚಿಕೆಯ ಕರಡು ತಿದ್ದಿಕೊಟ್ಟಿದ್ದರು. ಅಂಕಿ ಇನ್ನೂ ನಾಲಿಗೆಯ ಮೇಲೆಯೇ ಕೂತಿತ್ತು. ಟೀ ಬಗ್ಗಿಸುತ್ತಿದ್ದ ಹೆಂಡತಿಯ ಕೈ ತಡೆದು ನಿಂತಿತು. ಅವರು ಏನೋ ಹೇಳಲು ಬಾಯಿ ತೆರೆದು, ಗಂಡನ ಮುಖ ನೋಡಿ, ಟೀಪಾಟು ನೋಡಿ, ಬಾಯಿ ಮುಚ್ಚಿಕೊಂಡರು. ಡಾಕ್ಟರು ಮಾತ್ರ ನಕ್ಕು, ಹಾಗಾದರೆ ಅದಕ್ಕೊಂದು ಆಧಾರ ಇರಬೇಕಲ್ಲ ಎಂದು ಹೇಳಿ, ಟೀ ಮುಗಿಸಿ, ಪೇಪರನ್ನೂ ತೆಗೆದುಕೊಂಡು ಹೋದರು.

ಆಧಾರ ಎಂಬ ಮಾತು ಒಪ್ಪೋಲೆಯವರ ಎದೆಗೆ ನಾಟಿತು. ಮರುದಿನ ಗ್ರಂಥಾಲಯದ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತರು. ಹಳೆಯ ಮಣ್ಣಿನ ಪಾತ್ರೆಗಳನ್ನು ಗುರುತಿಸಿ ಬೆಲೆ ಕಟ್ಟುವ ಬಗೆಯನ್ನು ಹೇಳುವ ದಪ್ಪ ಪುಸ್ತಕವೊಂದು ಸಿಕ್ಕಿತು. ಅದರಲ್ಲಿ ಕಂದು ಮೆರುಗಿನ ಟೀಪಾಟುಗಳಿಗೇ ಒಂದು ಅಧ್ಯಾಯವಿತ್ತು. ಮೊದಲು ಅದರಲ್ಲಿನ ನಲವತ್ತೊಂದು ಅಚ್ಚಿನ ತಪ್ಪುಗಳನ್ನು ತಿದ್ದಿ, ಆಮೇಲೆ ವಿಷಯ ಓದಿದರು. ಮನೆಗೆ ತಂದು, ಟೀಪಾಟನ್ನು ಕವುಚಿ ಹಾಕಿ, ಭೂತಗನ್ನಡಿ ಹಿಡಿದು ಕೂತರು.

ಹಳೆಯ ಟೀಪಾಟಿನ ಅಡಿಯಲ್ಲಿ ಮೆರುಗು ಹತ್ತದೆ ಕೆಂಪು ಮಣ್ಣು ಕಾಣುತ್ತದೆ ಎಂದು ಪುಸ್ತಕ ಹೇಳಿತ್ತು. ಕಾಣುತ್ತಿತ್ತು. ಮೂತಿಯ ಬುಡದಲ್ಲಿ ಎಲೆ ತಡೆಯುವ ತೂತುಗಳನ್ನು ಹಿಂದೆಲ್ಲ ಕೈಯಿಂದ ಚುಚ್ಚುತ್ತಿದ್ದರು, ಹಾಗಾಗಿ ಅವು ಒಂದರಂತೆ ಒಂದಿರುವುದಿಲ್ಲ ಎಂದಿತ್ತು. ಇಣುಕಿ ನೋಡಿದರೆ ಒಂದು ತೂತು ಕಾಳಿನಷ್ಟು, ಇನ್ನೊಂದು ಸೂಜಿಮೊನೆಯಷ್ಟು, ಮೂರನೆಯದು ಇಲ್ಲವೇ ಇಲ್ಲ. ಬಹಳಷ್ಟು ಹಳೆಯ ಟೀಪಾಟುಗಳ ಮೇಲೆ ಮಾಡಿದವರ ಗುರುತು ಇರುವುದಿಲ್ಲ ಎಂದಿತ್ತು. ಇದರ ಮೇಲೂ ಇರಲಿಲ್ಲ. ಮುಂದಿನ ಪುಟದಲ್ಲಿ, ಅಗ್ಗದ ಹೊಸ ಟೀಪಾಟುಗಳ ಮೇಲೂ ಗುರುತು ಇರುವುದಿಲ್ಲ ಎಂಬ ಇನ್ನೊಂದು ವಾಕ್ಯವಿತ್ತು. ಅದನ್ನು ಒಪ್ಪೋಲೆಯವರು ಅಚ್ಚಿನ ತಪ್ಪು ಎಂದು ತೀರ್ಮಾನಿಸಿ ಕೆಂಪು ಗೆರೆ ಎಳೆದರು.

ಅಂದಿನಿಂದ ಟೀಪಾಟು ಟೀವಿಯ ಪಕ್ಕದ ಗೂಡಿಗೆ ಏರಿತು. ಅದನ್ನು ಯಾರೂ ಮುಟ್ಟುವಂತಿಲ್ಲ. ಹೆಂಡತಿ ಸ್ಟೀಲಿನ ಪಾತ್ರೆಯಲ್ಲಿ ಟೀ ಕುದಿಸಿ ಕೊಟ್ಟರು. ಒಪ್ಪೋಲೆಯವರು ಒಂದು ಗುಟುಕು ಕುಡಿದು, ಇದೇನು ಟೀಯೋ ಪಾತ್ರೆ ತೊಳೆದ ನೀರೋ ಎಂದು ಹಾರಾಡಿದರು. ಹೆಂಡತಿ ಸಮಾಧಾನವಾಗಿಯೇ, ನೂರೈವತ್ತು ವರ್ಷದ್ದರಲ್ಲಿ ಟೀ ಮಾಡಲು ತನಗೆ ಕೈ ಬರುವುದಿಲ್ಲ ಎಂದರು. ಅದಕ್ಕೂ ಸಿಟ್ಟು ಬಂತು.

ಇಷ್ಟಕ್ಕೇ ನಿಂತಿದ್ದರೆ ವಿಷಯ ಮನೆಯ ಗೋಡೆ ದಾಟುತ್ತಿರಲಿಲ್ಲ. ಆ ವಾರವೇ ಪೇಪರಿನಲ್ಲಿ ಹಳೆಯ ಟೀಪಾಟುಗಳ ಬಗ್ಗೆ ಯಾರೋ ಒಂದು ಲೇಖನ ಬರೆದರು. ಅದರಲ್ಲಿ ಮೂರು ತಪ್ಪುಗಳಿದ್ದವು. ಒಪ್ಪೋಲೆಯವರು ಸಂಪಾದಕರಿಗೆ ಒಂದೂವರೆ ಪುಟದ ಪತ್ರ ಬರೆದು, ಲೇಖಕರಿಗೆ ಕಣ್ಣೂ ಇಲ್ಲ ಕಾಗುಣಿತವೂ ಇಲ್ಲವೆಂದು ಸಾಬೀತು ಮಾಡಿ, ಕೊನೆಗೆ, ‘ನನ್ನ ಬಳಿ ನೂರೈವತ್ತು ವರ್ಷ ಹಳೆಯ, ಬೆಲೆ ಕಟ್ಟಲಾಗದ ಅಸಲಿ ಟೀಪಾಟು ಇದ್ದು, ಜಿಜ್ಞಾಸುಗಳು ಬಂದು ನೋಡಬಹುದು’ ಎಂದು ಪೂರ್ತಿ ವಿಳಾಸ ಕೊಟ್ಟರು. ಗುರುವಾರ ಪತ್ರ ಅಚ್ಚಾಯಿತು. ಅದರಲ್ಲಿ ಒಂದೂ ತಪ್ಪಿರಲಿಲ್ಲ. ಮೂರು ನಿಮಿಷ ಅವರಿಗೆ ಸಿಟ್ಟೇ ಬರಲಿಲ್ಲ.

ಶನಿವಾರ ಬೆಳಿಗ್ಗೆ ಇಬ್ಬರು ಜಿಜ್ಞಾಸುಗಳು ಒಟ್ಟಿಗೇ ಬಾಗಿಲಿಗೆ ಬಂದರು. ಒಬ್ಬರು ಚರ್ಮದ ಚೀಲ ಹಿಡಿದ ಸಣಕಲು ಮನುಷ್ಯ. ಇನ್ನೊಬ್ಬರು ಹೆಂಡತಿಯ ಅಕ್ಕ. ಮನುಷ್ಯ ನಡುಮನೆಯಲ್ಲಿ ಕೂತ; ಅಕ್ಕ ಸೀದಾ ಅಡುಗೆಮನೆಗೆ ನಡೆದರು. ತಂಗಿಯ ಗಂಡನ ಜೊತೆ ಅವರು ನೇರ ಮಾತಾಡಿದವರಲ್ಲ. ಮದುವೆಯ ಕಾಗದದಲ್ಲಿ ಅವರ ಹೆಸರನ್ನು ಈ ಮಹಾಶಯರು ತಿದ್ದಿದ ದಿನದಿಂದ ಎಲ್ಲವನ್ನೂ ತಂಗಿಯ ಮೂಲಕವೇ ಹೇಳುತ್ತಿದ್ದರು.

ಚೀಲದ ಮನುಷ್ಯ ಪೇಪರಿನವನೇ ಇರಬೇಕೆಂದು ಒಪ್ಪೋಲೆಯವರು ಭಾವಿಸಿದರು. ಟೀಪಾಟನ್ನು ಎರಡೂ ಕೈಯಲ್ಲಿ ಇಳಿಸಿ, ಅಡಿ, ಮೂತಿ, ತೂತು, ಮೆರುಗು ಎಲ್ಲವನ್ನೂ ವಿವರಿಸಿದರು. ಆತ ಪ್ರತಿಯೊಂದನ್ನೂ ಬರೆದುಕೊಂಡ. ಬೆಲೆ ಎಷ್ಟಾಗಬಹುದು ಎಂದು ಕೇಳಿದಾಗ, ನಡುಮನೆ ತುಂಬುವಂಥ ದನಿಯಲ್ಲಿ, ಅದಕ್ಕೆ ಬೆಲೆ ಕಟ್ಟುವವನು ಇನ್ನೂ ಹುಟ್ಟಬೇಕು ಎಂದರು.

ಒಳಗಿನಿಂದ ಅಕ್ಕನ ದನಿ ಬಂತು. “ಕೇಳಿಸ್ಕೊಂಡ್ಯೇನೇ? ಅಮ್ಮ ಬೆಲೆ ಕಟ್ಟೋಕಾಗದ್ದನ್ನ ನಿನಗೆ ಕೊಟ್ಟು, ನಂಗೆ ಎರಡು ದಿಂಬು ಕೊಟ್ಟಿದ್ದಾಳೆ. ಅರ್ಧ ನಂದು ಅಂತ ನಿನ್ನ ಗಂಡನಿಗೆ ಹೇಳು.”

ಒಪ್ಪೋಲೆಯವರು ಅಡುಗೆಮನೆಗೆ ಧಾವಿಸಿದರು. ಮಣ್ಣಿನ ಪಾತ್ರೆಯಲ್ಲಿ ಅರ್ಧ ಹೇಗೆ ಕೊಡುವುದು, ಮೂತಿ ಬೇಕೋ ಹಿಡಿ ಬೇಕೋ ಎಂದು ಗುಡುಗಿದರು. ಅಕ್ಕ ಗೋಡೆಯ ಕಡೆ ನೋಡುತ್ತ, ಮಾರಿದರೆ ದುಡ್ಡಿಗೆ ಮೂತಿಯೂ ಇಲ್ಲ ಹಿಡಿಯೂ ಇಲ್ಲ ಎಂದು ತಂಗಿಗೆ ತಿಳಿಸಿದರು. ಅಪಾಯ ಕಂಡ ಒಪ್ಪೋಲೆಯವರು ದನಿ ತಗ್ಗಿಸಿ, ಅದೆಲ್ಲ ಪೇಪರಿಗೆ ಹೇಳುವ ಮಾತು, ನಿಜವಾಗಿ ಅದು ಸಂತೆಯಲ್ಲಿ ಸಿಗುವ ಕುಡಿಕೆ, ಅದಕ್ಕೆ ವಯಸ್ಸೂ ಇಲ್ಲ ಬೆಲೆಯೂ ಇಲ್ಲ ಎಂದರು. ತಗ್ಗಿಸಿದರೂ ಅವರ ದನಿ ಎರಡು ಮನೆಗೆ ಕೇಳುವಂಥದು.

ನಡುಮನೆಗೆ ಮರಳಿದಾಗ ಆ ಮನುಷ್ಯ ಅದನ್ನೂ ಬರೆದುಕೊಳ್ಳುತ್ತಿದ್ದ. ಆಮೇಲೆ ಗುರುತಿನ ಚೀಟಿ ತೋರಿಸಿದ. ಪೇಪರಿನವನಲ್ಲ, ಪುರಾತನ ವಸ್ತುಗಳ ನೋಂದಣಿ ಕಚೇರಿಯ ಅಧಿಕಾರಿ. ನೂರು ವರ್ಷ ದಾಟಿದ ಯಾವ ವಸ್ತುವನ್ನೂ ನೋಂದಾಯಿಸದೆ ಮನೆಯಲ್ಲಿಟ್ಟುಕೊಳ್ಳುವಂತಿಲ್ಲ, ತಾವೇ ಲಿಖಿತವಾಗಿ ನೂರೈವತ್ತು ಎಂದಿರುವುದರಿಂದ ಪರೀಕ್ಷೆ ಮುಗಿಯುವವರೆಗೆ ವಸ್ತು ಕಚೇರಿಯ ವಶದಲ್ಲಿರಬೇಕು ಎಂದು ಬಹಳ ಮೃದುವಾಗಿ ಹೇಳಿದ. ಪರೀಕ್ಷೆಗೆ ಎಷ್ಟು ದಿನ ಎಂದು ಕೇಳಿದರೆ, ಹೋದ ವರ್ಷದ ಒಂದು ಗಡಿಯಾರ ಇನ್ನೂ ಸರದಿಯಲ್ಲಿದೆ ಎಂದ.

“ಈಗ ತಾನೇ ಒಳಗೆ ಹೇಳಿದ್ದು ಕೇಳಿಸಲಿಲ್ವಾ ನಿಮಗೆ?” ಎಂದು ಒಪ್ಪೋಲೆಯವರು ಕೂಗಿದರು. “ಅದು ಸಂತೆ ಕುಡಿಕೆ.”

ಹಾಗಾದರೆ ಸಾರ್ವಜನಿಕವಾಗಿ ಸುಳ್ಳು ವಿವರ ಕೊಟ್ಟಂತಾಗುತ್ತದೆ, ಅದಕ್ಕೆ ಬೇರೆ ಕಲಮು ಇದೆ ಎಂದು ಅಧಿಕಾರಿ ಚೀಲ ತೆರೆದ. ಅದೇ ಹೊತ್ತಿಗೆ ಹಲ್ಲಿನ ಡಾಕ್ಟರು ಪೇಪರಿನ ತುಂಡು ಹಿಡಿದು ಇಳಿದು ಬಂದರು. ನೆರೆಯವನ ಗೌರವಕ್ಕೆ ಕುಂದು ಬರುತ್ತಿದೆ ಎಂದು ಅವರಿಗೆ ಕೇಳಿಸಿತ್ತಂತೆ. ಸಾಕ್ಷಿಗೆ ತಾನಿದ್ದೇನೆ ಎನ್ನುತ್ತ, ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದರು. ‘ಅಸಲಿ’ ಎಂಬಲ್ಲಿ ಒತ್ತಿ ಓದಿದರು.

ಅಧಿಕಾರಿ ಟೀಪಾಟನ್ನು ಹತ್ತಿಯಲ್ಲಿ ಸುತ್ತಿ, ರಸೀದಿ ಬರೆದುಕೊಟ್ಟ. ಅದರಲ್ಲಿ ‘ಮುಚ್ಚಳ’ ಎಂಬುದು ‘ಮುಚಳ’ ಆಗಿತ್ತು. ಒಪ್ಪೋಲೆಯವರು ಕೆಂಪು ಪೆನ್ನು ತೆಗೆದು ಒತ್ತು ಕೊಟ್ಟರು. ತಿದ್ದಿದ ರಸೀದಿ ಊರ್ಜಿತವಲ್ಲ ಎಂದು ಅಧಿಕಾರಿ ಅದನ್ನು ಹರಿದು, ಮೂರು ಪ್ರತಿಗಳಲ್ಲಿ ಮತ್ತೆ ಬರೆದ. ಮೂರರಲ್ಲೂ ‘ಮುಚಳ’ ಎಂದೇ ಬರೆದ. ಒಪ್ಪೋಲೆಯವರು ಬಾಲ್ಕನಿಗೆ ಹೋಗಿ ಅರ್ಧ ಗಂಟೆ ನಿಂತರು.

ಮುಂದಿನ ಐದು ವಾರ ಅವರು ಬೆವರು ಸುರಿಸಿದ್ದು ಒಂದೇ ಕೆಲಸಕ್ಕೆ: ತಮ್ಮ ಟೀಪಾಟು ಹಳೆಯದಲ್ಲವೆಂದು ಸಾಧಿಸುವುದಕ್ಕೆ. ಕಚೇರಿಯ ಒಂದನೆಯ ಕಿಟಕಿ ಎರಡಕ್ಕೆ ಕಳಿಸಿತು, ಎರಡನೆಯದು ಊಟಕ್ಕೆ ಹೋಗಿತ್ತು. ಹಳೆಯದಲ್ಲ ಎಂಬುದಕ್ಕೆ ಒಂದು ನಮೂನೆಯೇ ಇಲ್ಲ, ಹಳೆಯದು ಎಂಬುದಕ್ಕೆ ಮಾತ್ರ ಇದೆ, ಅದನ್ನೇ ತುಂಬಿ ಪ್ರತಿ ಸಾಲಿಗೂ ‘ಅಲ್ಲ’ ಎಂದು ಸೇರಿಸಿ ಎಂದರು. ಒಪ್ಪೋಲೆಯವರು ಸೇರಿಸಿದರು. ಎರಡು ಸಾಲಿನಲ್ಲಿ ‘ಇಲ್ಲ’ ಎಂದಾಗಬೇಕಿತ್ತೆಂದು ಗುಮಾಸ್ತೆ ಅದನ್ನು ತಿರುಗಿಸಿ ಕಳಿಸಿದಳು. ಬೇರೆಯವರು ತಮ್ಮ ವ್ಯಾಕರಣ ತಿದ್ದಿದ್ದು ಜೀವಮಾನದಲ್ಲಿ ಅದೇ ಮೊದಲು. ಆ ದಿನ ಮನೆಗೆ ನಡೆದೇ ಬಂದರು, ಬಸ್ಸಿನಲ್ಲಿ ಕೂರುವಷ್ಟು ಸಿಟ್ಟು ಇಳಿದಿರಲಿಲ್ಲ.

ಕೊನೆಗೆ, ವಸ್ತು ಅಗ್ಗದ್ದೆಂದು ನೆರೆಯವರೊಬ್ಬರ ಹೇಳಿಕೆ ತಂದರೆ ಪರೀಕ್ಷೆ ಬೇಗ ಮಾಡಿಸಬಹುದು ಎಂದು ಅಧಿಕಾರಿ ಸೂಚಿಸಿದ. ಅದನ್ನು ಬಹಿರಂಗವಾಗಿ ಮಣ್ಣಿನ ಕುಡಿಕೆ ಎಂದವರು ಒಬ್ಬರೇ. ಒಪ್ಪೋಲೆಯವರು ಹಲ್ಲು ಕಚ್ಚಿಕೊಂಡು ಹಲ್ಲಿನ ಡಾಕ್ಟರ ಮನೆಯ ಮೆಟ್ಟಿಲೇರಿದರು. ಡಾಕ್ಟರು ಚಿನ್ನದ ಅಂಚಿನ ಕಪ್ಪಿನಲ್ಲಿ ಟೀ ಕೊಟ್ಟು, ಕೋರಿಕೆ ಕೇಳಿ, ನಿಜವಾಗಿಯೂ ನೊಂದುಕೊಂಡರು.

“ಅವತ್ತು ಅಜ್ಞಾನದಿಂದ ಆ ಮಾತು ಆಡಿಬಿಟ್ಟೆ. ನೀವು ಬರೆದಿದ್ದು ಓದಿದ ಮೇಲೆ ನನ್ನ ಕಣ್ಣು ತೆರೀತು ಸಾರ್. ಸಂಪಾದಕರಿಗೆ ನಾನೂ ಒಂದು ಪತ್ರ ಬರೆದು ನಿಮ್ಮನ್ನ ಬೆಂಬಲಿಸಿದ್ದೀನಿ” ಎಂದರು.

ಆ ಪತ್ರ ಮರುದಿನ ಪೇಪರಿನಲ್ಲಿ ಬಂತು. ಇಡೀ ಕಟ್ಟಡವೇ ಹೆಮ್ಮೆಪಡುವ ಟೀಪಾಟು ಎಂದು ಅದರಲ್ಲಿತ್ತು. ಅದರ ಬಲದಿಂದಲೋ ಏನೋ, ಕಚೇರಿಯಿಂದ ಆರನೆಯ ವಾರ ಕಾಗದ ಬಂತು: ಮಣ್ಣಿನ ಪಾತ್ರೆಗಳ ತಜ್ಞೆಯೊಬ್ಬರು ಬಂದಿದ್ದಾರೆ, ಸೋಮವಾರ ಹನ್ನೊಂದಕ್ಕೆ ಪರೀಕ್ಷೆ, ಹಕ್ಕು ಕೇಳುವವರೆಲ್ಲ ಹಾಜರಿರಬೇಕು. ಒಪ್ಪೋಲೆಯವರು, ಹೆಂಡತಿ, ಹೆಂಡತಿಯ ಅಕ್ಕ ಮೂವರೂ ಹೋದರು. ಬಸ್ಸಿನಲ್ಲಿ ಹೆಂಡತಿ ಎರಡು ಸಲ, ರೀ, ಒಂದು ಮಾತು ಹೇಳಬೇಕಿತ್ತು ಎಂದರು. ಎರಡು ಸಲವೂ ಒಪ್ಪೋಲೆಯವರು, ಮಾತಾಡುವುದೆಲ್ಲ ತಾನೇ ಮಾತಾಡುತ್ತೇನೆ ಎಂದರು.

ತಜ್ಞೆ ಎಪ್ಪತ್ತರ ಹೆಂಗಸು. ಕುತ್ತಿಗೆಗೆ ದಾರದಲ್ಲಿ ಕನ್ನಡಕ, ಉಗುರಿನ ಸಂದಿಯಲ್ಲಿ ಮಣ್ಣು. ಯಾರನ್ನೂ ಏನೂ ಕೇಳದೆ ಟೀಪಾಟನ್ನು ಎತ್ತಿ ತೂಕ ನೋಡಿದರು. ಬೆರಳಿನಿಂದ ತಟ್ಟಿ ಸದ್ದು ಕೇಳಿದರು. ಉಗುರನ್ನು ಹೊಟ್ಟೆಯ ಮೇಲೆ ಮೇಲಿನಿಂದ ಕೆಳಗೆ ಎಳೆದರು. ಆಮೇಲೆ ಚೀಲದಿಂದ ಒಂದು ಪಿನ್ನು ತೆಗೆದು ಮೂತಿಯ ಬುಡದ ತೂತುಗಳನ್ನು ಒಂದೊಂದಾಗಿ ಚುಚ್ಚಿದರು. ಹಳೆಯ ಟೀ ಎಲೆ ಒಂದು ಚಮಚದಷ್ಟು ಮೇಜಿನ ಮೇಲೆ ಉದುರಿತು. ತೂತುಗಳೆಲ್ಲ ಒಂದರ ಪಡಿಯಚ್ಚು ಇನ್ನೊಂದು, ಸಾಲಾಗಿ ನಿಂತವು.

“ಹೊಸದು. ಹೆಚ್ಚಂದ್ರೆ ಏಳೆಂಟು ವರ್ಷ. ಕಾರ್ಖಾನೆದು, ಅದರಲ್ಲೂ ಎರಡನೇ ದರ್ಜೆ. ಅಚ್ಚಿನ ಗೆರೆ ಉಜ್ಜೋ ತಾಳ್ಮೇನೂ ಇರಲಿಲ್ಲ ಅವರಿಗೆ” ಎಂದು ಹೇಳಿ, ಕಾಗದದ ಮೇಲೆ ಬೆಲೆಯ ಕಲಮಿನ ಎದುರು ಒಂದು ಅಡ್ಡಗೆರೆ ಎಳೆದರು.

ಐದು ವಾರ ಒಪ್ಪೋಲೆಯವರು ಇದೇ ಮಾತಿಗಾಗಿ ಕಿಟಕಿಯಿಂದ ಕಿಟಕಿಗೆ ಅಲೆದಿದ್ದರು. ಅಧಿಕಾರಿ ಅವರ ಕಡೆ ತಿರುಗಿ ಅಭಿನಂದನೆಯ ನಗು ನಕ್ಕ. ಟೀಪಾಟನ್ನು ಎತ್ತಿಕೊಂಡು ಹೊರಟುಬಿಡಬಹುದಿತ್ತು. ಅಷ್ಟರಲ್ಲಿ ತಜ್ಞೆ ಕನ್ನಡಕ ಕಳಚುತ್ತ, ಇದನ್ನು ನೂರೈವತ್ತು ವರ್ಷದ್ದೆಂದು ಬರೆದವರಿಗೆ ಕಣ್ಣು ಪರೀಕ್ಷೆ ಮಾಡಿಸಿ ಎಂದು ಅಧಿಕಾರಿಗೆ ಹೇಳಿದರು.

ಒಪ್ಪೋಲೆಯವರ ಕಿವಿ ಮತ್ತೆ ಕೆಂಪಾಯಿತು. ಕಣ್ಣಿನ ಮಾತು ಎತ್ತಬಾರದಿತ್ತು. ಎದ್ದು ನಿಂತು, ಟೀಪಾಟು ಹಳೆಯದೇ ಎಂದು ವಾದಿಸಲು ಶುರುಮಾಡಿದರು. ಅಡಿಯ ಕೆಂಪು ಮಣ್ಣು ಕಾಣುವುದಿಲ್ಲವೇ ಎಂದರು. ಅದು ಎಲ್ಲದರಲ್ಲೂ ಕಾಣುತ್ತದೆ ಎಂದರು ತಜ್ಞೆ. ಗುರುತಿಲ್ಲವಲ್ಲ ಎಂದರು. ಗುರುತು ಹಾಕಿಕೊಳ್ಳಲು ಮಾಡಿದವರಿಗೇ ನಾಚಿಕೆಯಾಗಿರಬೇಕು ಎಂದರು ಆಕೆ. ಅಧಿಕಾರಿ ಗಾಬರಿಯಾಗಿ, ಸಾರ್, ನೀವು ನಿಮ್ಮ ಕಡೆಯೇ ಇರಬೇಕು, ಎಂದು ಅವರ ತೋಳು ಹಿಡಿದೆಳೆದ.

“ಅಚ್ಚಿನಲ್ಲಿ ಹೊಯ್ದದ್ದು ಇದು, ಕಾಣಲ್ವಾ ಆ ಗೆರೆ?” ಎಂದು ತಜ್ಞೆಯೂ ದನಿ ಏರಿಸಿದರು.

“ಅಚ್ಚಿನ ವಿಷಯ ನನಗೆ ಹೇಳ್ಬೇಡಿ. ಮೂವತ್ತೊಂದು ವರ್ಷ ಅಚ್ಚಿನಲ್ಲೇ ಬದುಕಿದೋನು ನಾನು. ನನ್ನ ಕಣ್ಣಿಂದ ಒಂದು ಸೊನ್ನೆ ತಪ್ಪಿಸ್ಕೊಂಡು ಹೋಗಿಲ್ಲ” ಎಂದು ಒಪ್ಪೋಲೆಯವರು ಮುಷ್ಟಿ ಎತ್ತಿ ಮೇಜಿನ ಮೇಲೆ ಗುದ್ದಿದರು.

ಶಾಯಿ ಬಾಟಲಿ ಉರುಳಿತು. ಪಿನ್ನು ಹಾರಿತು. ಟೀಪಾಟು ಒಂದು ಗೇಣು ಜಿಗಿದು, ಅಂಚಿನಲ್ಲಿ ವಾಲಿ, ಕೆಳಗೆ ಬಿತ್ತು. ನೆಲಕ್ಕೆ ಮುಟ್ಟಲಿಲ್ಲ. ಒಪ್ಪೋಲೆಯವರ ಹೆಂಡತಿ ಅದಾಗಲೇ ಮೇಜಿನ ಅಂಚಿಗೆ ಬಂದು ಸೆರಗು ಹಿಡಿದು ಬಗ್ಗಿದ್ದರು; ಟೀಪಾಟು ಸೆರಗಿಗೆ, ಮುಚ್ಚಳ ಅಂಗೈಗೆ, ಎರಡೂ ಸದ್ದಿಲ್ಲದೆ ಬಂದು ಕೂತವು.

ತಜ್ಞೆ ಕನ್ನಡಕ ಹಾಕಿಕೊಂಡು ಆಕೆಯನ್ನು ನೋಡಿದರು. ಬೀಳುತ್ತದೆಂದು ನಿಮಗೆ ಮೊದಲೇ ಹೇಗೆ ಗೊತ್ತಾಯಿತು ಎಂದು ಕೇಳಿದರು.

“ಅಭ್ಯಾಸ” ಎಂದರು ಹೆಂಡತಿ. “ಮೂರು ಸಲ ತಡ ಮಾಡಿದ್ದೆ.”

ಆಮೇಲೆ ಅವರು ಬೆಂಚಿನ ಮೇಲೆ ಕೂತು, ಟೀಪಾಟನ್ನು ಮಡಿಲಲ್ಲಿಟ್ಟುಕೊಂಡು, ದನಿ ಏರಿಸದೆ ಹೇಳಿದರು. ಅಮ್ಮ ಕೊಟ್ಟದ್ದು ಮದುವೆಯಾದ ಎಂಟನೆಯ ತಿಂಗಳಲ್ಲಿ ಹೋಯಿತು. ಯಾವುದೋ ಪುಸ್ತಕದಲ್ಲಿ ಮಂತ್ರಿಗಳ ಹೆಸರಿಗೆ ದೀರ್ಘ ಬಿಟ್ಟುಹೋಗಿ ಇವರಿಗೆ ಛೀಮಾರಿ ಬಿದ್ದಿತ್ತು, ಮನೆಗೆ ಬಂದು ಮೇಜು ಗುದ್ದಿದರು. ಗುದ್ದಿದವರೇ ಬಾಲ್ಕನಿಗೆ ಹೋಗಿ ಅರ್ಧ ಗಂಟೆ ನಿಂತರು. ಆಕೆ ಚೂರು ಗುಡಿಸಿದರು, ಮರುದಿನ ಅಂಥದೇ ಇನ್ನೊಂದು ತಂದಿಟ್ಟರು. ಹನ್ನೆರಡು ವರ್ಷದ ಮೇಲೆ ಅದೂ ಹೋಯಿತು, ನೀರಿನ ಬಿಲ್ಲಿನಲ್ಲಿ ಹೆಸರು ತಪ್ಪಿದ್ದಕ್ಕೆ. ಮೂರನೆಯದು ನಿವೃತ್ತಿಯ ದಿನ. ಬೀಳ್ಕೊಡುಗೆ ಪತ್ರದಲ್ಲಿ ‘ನಿವೃತ್ತಿ’ಯ ಒತ್ತು ಇರಲಿಲ್ಲ. ಇದು ನಾಲ್ಕನೆಯದು. ಆರು ವರ್ಷವಾಯಿತು.

“ಯಾವತ್ತೂ ನೀವು ಕೇಳಲಿಲ್ಲ, ನಾನೂ ಹೇಳಲಿಲ್ಲ” ಎಂದು ಗಂಡನಿಗೆ ಹೇಳಿದರು. “ಅವತ್ತು ನೂರೈವತ್ತು ಅಂದ್ರಲ್ಲ, ಆಗ್ಲೇ ಹೇಳಿಬಿಡೋಣ ಅಂದ್ಕೊಂಡೆ. ಆದ್ರೆ ಕುಡಿಕೆ ಇನ್ನೂ ಮೇಜಿನ ಮೇಲೇ ಇತ್ತು.”

ಅಧಿಕಾರಿ ಬರೆಯುವುದನ್ನು ನಿಲ್ಲಿಸಿದ. ಹೆಂಡತಿಯ ಅಕ್ಕ ಎದ್ದು, ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಒಪ್ಪೋಲೆಯವರ ಮುಖಕ್ಕೆ ಮುಖ ಕೊಟ್ಟು ನಿಂತರು.

“ನಮ್ಮಮ್ಮನ ಟೀಪಾಟು ಎಂಟು ತಿಂಗಳು ಬಾಳಿಸಲಿಲ್ಲ ನೀವು” ಎಂದರು. “ನನ್ನ ದಿಂಬು ಇವತ್ತಿಗೂ ಇದೆ.”

ಅಷ್ಟು ಹೇಳಿ ಚಪ್ಪಲಿ ಮೆಟ್ಟಿ ಹೊರಟುಹೋದರು. ನಾಲ್ಕು ಟೀಪಾಟಿನಲ್ಲಿ ಇಪ್ಪತ್ತೊಂಬತ್ತು ವರ್ಷ ಟೀ ಕುಡಿದೂ ಒಂದರಿಂದ ಇನ್ನೊಂದಕ್ಕೆ ಆದ ವ್ಯತ್ಯಾಸ ಒಪ್ಪೋಲೆಯವರ ಕಣ್ಣಿಗೆ ಬಿದ್ದಿರಲಿಲ್ಲ. ತಜ್ಞೆ, ಕಣ್ಣಿನ ಬಗ್ಗೆ ತಾವು ಹೇಳಿದ್ದನ್ನು ವರದಿಯಿಂದ ತೆಗೆಯಬೇಕಾಗಿಲ್ಲವಲ್ಲ ಎಂದು ಕೇಳಿದರು. ಬೇಡ ಎಂದು ಒಪ್ಪೋಲೆಯವರೇ ತಲೆಯಾಡಿಸಿದರು.

ಆದರೂ ಕಚೇರಿಯೆಂದರೆ ಕಚೇರಿ. ಮಾಲೀಕರು ಒಮ್ಮೆ ಹಳೆಯದೆಂದು, ಒಮ್ಮೆ ಹೊಸದೆಂದು, ಇವತ್ತು ಮತ್ತೆ ಹಳೆಯದೆಂದು ಹೇಳಿಕೆ ಕೊಟ್ಟಿರುವುದರಿಂದ ತಜ್ಞೆಯ ವರದಿಯೊಂದೇ ಸಾಲದು, ಮಾರಿದವರಿಂದ ಒಂದು ಪತ್ರ ತಂದರೆ ನಾಳೆಯೇ ಬಿಟ್ಟುಕೊಡುತ್ತೇನೆ ಎಂದು ಅಧಿಕಾರಿ ಟೀಪಾಟನ್ನು ಮತ್ತೆ ಹತ್ತಿಯಲ್ಲಿ ಸುತ್ತಿದ. ಒಪ್ಪೋಲೆಯವರು ಕಚೇರಿಯ ಮೇಲೂ, ಮೆಟ್ಟಿಲಿನ ಮೇಲೂ, ರಸ್ತೆ ದಾಟಲು ಬಿಡದ ವಾಹನಗಳ ಮೇಲೂ ಹರಿಹಾಯುತ್ತ ಹೆಂಡತಿಯ ಹಿಂದೆ ನಡೆದರು. ಆಕೆಗೆ ದಾರಿ ಗೊತ್ತಿತ್ತು. ಎರಡು ಬೀದಿ ತಿರುಗಿ, ಒಂದು ಬೀಗದ ಅಂಗಡಿ ದಾಟಿ, ಒಬ್ಬರೇ ನುಗ್ಗಬಹುದಾದ ಓಣಿಯೊಳಗೆ ಕರೆದೊಯ್ದರು.

ಅದು ಪಾತ್ರೆಯ ಅಂಗಡಿ. ನೆಲದಿಂದ ಚಾವಣಿಯವರೆಗೆ ಕಪ್ಪು, ಬಸಿ, ಜಾಡಿ, ಹೂಜಿ, ಬೋಗುಣಿ. ನಡುವೆ ಇಬ್ಬರು ನಿಲ್ಲುವಷ್ಟು ಜಾಗ. ಅಂಗಡಿಯಾಕೆ ಬೆನ್ನು ಬಾಗಿದ ಮುದುಕಿ. ಹೆಂಡತಿಯನ್ನು ಕಂಡದ್ದೇ, ಏನು ಬೇಕೆಂದು ಕೇಳದೆ, ಹಿಂದೆ ತಿರುಗಿ ಮೇಲಿನ ಹಲಗೆಗೆ ಕೈ ಹಾಕಿದಳು.

“ಮತ್ತೆ ಒಡೀತಾ ಅಮ್ಮಾ?” ಎಂದಳು. “ನಿಮಗೆ ಅಂತ ಒಂದು ಯಾವಾಗ್ಲೂ ಎತ್ತಿಟ್ಟಿರ್ತೀನಿ.”

ಈ ಸಲ ಒಡೆದಿಲ್ಲ, ಒಂದು ಪತ್ರ ಬೇಕು ಎಂದು ಹೆಂಡತಿ ವಿವರಿಸಿದರು. ಮುದುಕಿಗೆ ಅದೇನೂ ವಿಚಿತ್ರವೆನಿಸಲಿಲ್ಲ. ಬಿಲ್ಲಿನ ಪುಸ್ತಕದಿಂದ ಒಂದು ಹಾಳೆ ಹರಿದು, ಪೆನ್ಸಿಲ್ಲಿನ ತುದಿ ನಾಲಿಗೆಗೆ ತಾಗಿಸಿ, ನಿಧಾನವಾಗಿ ಬರೆದಳು. ಒಪ್ಪೋಲೆಯವರು ಅವಳ ಭುಜದ ಮೇಲಿಂದ ಇಣುಕಿ ಓದುತ್ತಿದ್ದರು. ಈ ಅಮ್ಮನಿಗೆ ಇದುವರೆಗೆ ಮೂರು ಟೀಪಾಟು ಮಾರಿದ್ದೇನೆ ಎಂದಿತ್ತು. ಕೊನೆಯದು ಆರು ವರ್ಷದ ಹಿಂದೆ ಎಂದಿತ್ತು. ಅಲ್ಲಿಯವರೆಗೆ ನಾಲ್ಕು ಕಾಗುಣಿತದ ತಪ್ಪುಗಳಿದ್ದವು. ಅವರ ಕೈ ಜೇಬಿನ ಪೆನ್ನಿಗೆ ಹೋಯಿತು. ಹೆಂಡತಿ ತಿರುಗಿ ನೋಡಿದರು. ಕೈ ಖಾಲಿಯಾಗಿಯೇ ಹೊರಗೆ ಬಂತು. ಮುದುಕಿ ಕೊನೆಯ ಸಾಲಿನಲ್ಲಿ, ಯಾರೂ ಕೇಳದಿದ್ದರೂ, ಪ್ರತಿ ಸಲ ಕೊಂಡ ಕಾರಣವನ್ನೂ ಬರೆದಳು: ‘ಯಜಮಾನರು.’

ಬರೆದು, ತಲೆ ಎತ್ತಿ, ಇವರನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿದಳು.

“ಇವರೇನಾ ಅಮ್ಮಾ?”

“ಇವರೇ” ಎಂದರು ಹೆಂಡತಿ.

ಒಪ್ಪೋಲೆಯವರಿಗೆ ಆ ಏಳು ವಾರಗಳ ಸಿಟ್ಟೆಲ್ಲ ಒಟ್ಟಾಗಿ ನೆತ್ತಿಗೇರಿತು. ಡಾಕ್ಟರ ಸಿಟ್ಟು, ರಸೀದಿಯ ಸಿಟ್ಟು, ಕಿಟಕಿಗಳ ಸಿಟ್ಟು, ಎರಡು ‘ಇಲ್ಲ’ದ ಸಿಟ್ಟು, ಪಿನ್ನಿನ ಸಿಟ್ಟು. ಬಲಗೈ ತಾನಾಗಿ ಮುಷ್ಟಿ ಕಟ್ಟಿ ಮೇಲೆದ್ದಿತು. ಮುದುಕಿ ಎರಡೂ ತೋಳು ಚಾಚಿ ಹತ್ತಿರದ ಕಪ್ಪುಗಳನ್ನು ಅಪ್ಪಿಕೊಂಡಳು. ಹೆಂಡತಿ ಒಂದು ಹೆಜ್ಜೆ ಮುಂದೆ ಬಂದು ಸೆರಗು ಹಿಡಿದರು. ಒಪ್ಪೋಲೆಯವರು ಕೈ ಇಳಿಸಲು ಜಾಗ ಹುಡುಕಿದರು. ಎಡಕ್ಕೆ ಬಸಿಗಳ ಸಾಲು, ಬಲಕ್ಕೆ ಜಾಡಿಗಳು, ಎದುರಿನ ಹಲಗೆಯ ಮೇಲೆ ತುದಿಯವರೆಗೂ ಬಟ್ಟಲು. ಇಡೀ ಅಂಗಡಿಯಲ್ಲಿ ಗುದ್ದಲು ಅಂಗೈಯಗಲದ ಖಾಲಿ ಜಾಗವಿರಲಿಲ್ಲ.

ಮುಷ್ಟಿ ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತಿತು. ಆಮೇಲೆ ಮೆಲ್ಲಗೆ ಬೆರಳು ಬಿಡಿಸಿಕೊಂಡು, ಮೇಲಿನ ಹಲಗೆಯ ಕಡೆ ತೋರಿಸಿತು.

“ಆ ಎತ್ತಿಟ್ಟಿದ್ದೀರಲ್ಲ” ಎಂದು ಒಪ್ಪೋಲೆಯವರು ಓಣಿಯ ತುದಿಗೆ ಕೇಳುವಂತೆ ಗದರಿದರು, “ಅದನ್ನೂ ಕಟ್ಟಿಕೊಡಿ.”